ಎಲ್ಲವೂ ಫೋನಿನಲ್ಲಿ ಸಿಗುವಾಗ ಮೀನಿಗೊಂದು ಗ್ರಂಥಾಲಯ ಯಾಕೆ?

ಪ್ರಶ್ನೆ: ಮೀನುಗಾರಿಕಾ ವಿಜ್ಞಾನದಲ್ಲಿ ಸಂಶೋಧನೆಗೆ ಸೇರಿ ಆರು ತಿಂಗಳಾಯಿತು. ಒಂದು ಕರಾವಳಿಯಲ್ಲಿ ಒಂದೇ ಜಾತಿಯ ಮೀನು ವರ್ಷದಿಂದ ವರ್ಷಕ್ಕೆ ಏಕೆ ಇಷ್ಟು ಏರಿಳಿಯುತ್ತದೆ ಎಂಬುದು ನನ್ನ ವಿಷಯ. "ಮೊದಲು ಮೀನುಗಾರಿಕೆಯ ವಿಶೇಷ ಗ್ರಂಥಾಲಯದಲ್ಲಿ ಎರಡು ವಾರ ಕೂತು ಬಾ" ಎನ್ನುತ್ತಾರೆ ನನ್ನ ಮಾರ್ಗದರ್ಶಕರು. ಪ್ರಬಂಧಗಳೆಲ್ಲ ಫೋನಿನಲ್ಲೇ ಸಿಗುವಾಗ ಅಲ್ಲಿ ಹೋಗಿ ಮಾಡುವುದೇನು? ಹಾಗೆಯೇ, ಯಾವ ಸಂಸ್ಥೆಗೂ ಸೇರದವರಿಗೆ, ಅಂದರೆ ಮೀನುಗಾರರ ಸಂಘದವರಿಗೆ, ಪತ್ರಕರ್ತರಿಗೆ, ಇಂಥ ಗ್ರಂಥಾಲಯದಿಂದ ಏನಾದರೂ ಪ್ರಯೋಜನ ಇದೆಯೇ?

ಉತ್ತರ:

ನಿಮ್ಮ ಮಾರ್ಗದರ್ಶಕರು ಹೇಳಿದ್ದು ಸರಿ. ಕಾರಣವನ್ನೂ ಹೇಳಿದ್ದರೆ ನಿಮಗೆ ಇಷ್ಟು ಬೇಸರ ಆಗುತ್ತಿರಲಿಲ್ಲವೇನೋ. ನಾನು ಹೇಳಲು ಪ್ರಯತ್ನಿಸುತ್ತೇನೆ.

ನಿಮ್ಮ ಫೋನಿಗೆ ಬರುವುದು ಜರ್ನಲ್‌ಗಳಲ್ಲಿ ಅಚ್ಚಾದ ಪ್ರಬಂಧ. ದೂರದ ಸಂಪಾದಕರಿಗೂ ಆಸಕ್ತಿ ಹುಟ್ಟಿಸುವಂಥದ್ದು ಮಾತ್ರ ಜರ್ನಲ್‌ಗೆ ಹೋಗುತ್ತದೆ. ನಿಮಗೆ ಬೇಕಾದದ್ದು ಬೇರೆ. ಇಂಥ ವರ್ಷ ಇಂಥ ದಡಕ್ಕೆ ಎಷ್ಟು ಮೀನು ಬಂತು, ಎಷ್ಟು ದೋಣಿ ಹೋಗಿದ್ದವು, ಬಲೆಯ ಕಣ್ಣು ಎಷ್ಟು ದೊಡ್ಡದಿತ್ತು, ಆ ಹಂಗಾಮಿನಲ್ಲಿ ಎಷ್ಟು ದಿನ ಸಮುದ್ರಕ್ಕೆ ಇಳಿಯಲಾಗಲಿಲ್ಲ, ಹೊಟ್ಟೆ ಸೀಳಿ ನೋಡಿದಾಗ ಮೊಟ್ಟೆ ಯಾವ ತಿಂಗಳಲ್ಲಿ ಬಲಿತಿತ್ತು. ಇವೆಲ್ಲ ಇಲಾಖೆಯ ಬುಲೆಟಿನ್‌ಗಳಲ್ಲಿ, ಸಮೀಕ್ಷಾ ಹಡಗಿನ ವರದಿಗಳಲ್ಲಿ, ಯೋಜನೆ ಮುಗಿದಾಗ ಟೈಪ್ ಮಾಡಿಸಿ ಸಲ್ಲಿಸಿದ ಅಂತಿಮ ವರದಿಗಳಲ್ಲಿ, ಕಾರ್ಯಾಗಾರದ ನಡಾವಳಿಗಳಲ್ಲಿ, ಯಾರೂ ಪ್ರಕಟಿಸದ ಪಿಎಚ್‌.ಡಿ. ಪ್ರಬಂಧಗಳ ಅನುಬಂಧಗಳಲ್ಲಿ ಕೂತಿರುತ್ತವೆ. ನೂರೋ ಇನ್ನೂರೋ ಪ್ರತಿ ಅಚ್ಚಾಗಿ, ಹಂಚಿ, ಮರೆತುಹೋದವು. ಗ್ರಂಥಪಾಲಕರು ಇವನ್ನು 'ಬೂದು ಸಾಹಿತ್ಯ' ಎನ್ನುತ್ತಾರೆ. ಪುಸ್ತಕದಂಗಡಿಗೂ ಬಾರದ, ಜರ್ನಲ್ಲಿಗೂ ಸೇರದ, ನಡುವೆ ಉಳಿದ ಸರಕು.

ಬೇರೆ ವಿಜ್ಞಾನಗಳಲ್ಲೂ ಈ ಬಗೆಯ ಸಾಹಿತ್ಯ ಉಂಟು. ಆದರೆ ಮೀನುಗಾರಿಕೆಯಲ್ಲಿ ಅದರ ತೂಕ ಹೆಚ್ಚು, ಯಾಕೆಂದರೆ ನಮ್ಮ ಪ್ರಯೋಗವನ್ನು ಮತ್ತೆ ಮಾಡಿ ನೋಡಲು ಬರುವುದಿಲ್ಲ. ರಸಾಯನಶಾಸ್ತ್ರದವರ ಹಳೆಯ ನೋಟ್‌ಬುಕ್ ಕಳೆದರೆ ಅದೇ ಕ್ರಿಯೆಯನ್ನು ಇನ್ನೊಮ್ಮೆ ನಡೆಸಬಹುದು. 1961ರ ಸೆಪ್ಟೆಂಬರಿನ ಸಮುದ್ರಕ್ಕೆ ಮತ್ತೆ ಬಲೆ ಬೀಸುವವರು ಯಾರು? ಆ ತಿಂಗಳ ಲೆಕ್ಕ ಬರೆದಿಟ್ಟ ಕಾಗದ ಹೋದರೆ ಆ ತಿಂಗಳೇ ಹೋದಂತೆ. ಅದಕ್ಕೇ ಇಂಥ ಗ್ರಂಥಾಲಯವನ್ನು ನಾನು ಪುಸ್ತಕಗಳ ಮನೆ ಎನ್ನುವುದಕ್ಕಿಂತ ಒಂದು ನೀರಿನ ನೆನಪಿನ ಕೋಣೆ ಎಂದೇ ನೋಡುವುದು.

ಈ ನೆನಪು ಏಕೆ ಬೇಕು ಎಂಬುದಕ್ಕೆ ಡೇನಿಯಲ್ ಪೌಲಿ ಎಂಬ ಮೀನುಗಾರಿಕಾ ವಿಜ್ಞಾನಿ 1995ರಲ್ಲಿ ಒಂದೇ ಪುಟದಷ್ಟು ಚಿಕ್ಕ ಟಿಪ್ಪಣಿ ಬರೆದರು. ಪ್ರತಿ ಪೀಳಿಗೆಯ ವಿಜ್ಞಾನಿಯೂ ತಾನು ಕೆಲಸಕ್ಕೆ ಸೇರಿದಾಗ ಕಂಡ ಸಮುದ್ರವನ್ನೇ ಸಹಜ ಸ್ಥಿತಿ ಎಂದುಕೊಳ್ಳುತ್ತಾನೆ, ನಿವೃತ್ತಿಯ ಹೊತ್ತಿಗೆ ಎಷ್ಟು ಇಳಿಯಿತು ಎಂದು ಅಲ್ಲಿಂದಲೇ ಅಳೆಯುತ್ತಾನೆ; ಮುಂದಿನವನು ಆ ಇಳಿದ ಮಟ್ಟದಿಂದ ಶುರುಮಾಡುತ್ತಾನೆ ಎಂಬುದು ಅದರ ಸಾರ. ಅಳತೆಗೋಲಿನ ಸೊನ್ನೆಯೇ ಜಾರುತ್ತ ಹೋದರೆ ಕುಸಿತ ಕಾಣುವುದಾದರೂ ಹೇಗೆ? ಆ ಸೊನ್ನೆಯನ್ನು ಅದರ ಜಾಗದಲ್ಲಿ ಹಿಡಿದಿಡಬಲ್ಲದ್ದು ಹಳೆಯ ಕಾಗದ ಮಾತ್ರ.

ಎರಡು ಉದಾಹರಣೆ ಕೊಡುತ್ತೇನೆ. ಇವೆರಡೂ ಸಮುದ್ರಕ್ಕೆ ಹೋಗದೆ ಮಾಡಿದ ಸಂಶೋಧನೆಗಳು.

ಬ್ರಿಟನ್ನಿನಲ್ಲಿ ಸರ್ಕಾರ 1889ರಿಂದಲೂ ಬಂದರುಗಳಿಗೆ ಬಂದ ಮೀನಿನ ಅಂಕಿಅಂಶದ ಕೋಷ್ಟಕಗಳನ್ನು ಅಚ್ಚು ಹಾಕಿಸುತ್ತ ಬಂದಿತ್ತು. ಹಾಯಿದೋಣಿಗಳು ಟ್ರಾಲ್ ಬಲೆ ಎಳೆಯುತ್ತಿದ್ದ ಕಾಲದ ಲೆಕ್ಕ ಅದು. ಈಗಿನ ಮೀನು ಸಂಪತ್ತಿನ ಅಂದಾಜುಗಳು ಸಾಮಾನ್ಯವಾಗಿ ಹಿಂದಿನ ಕೆಲವು ದಶಕಗಳಿಗಷ್ಟೇ ಹೋಗುತ್ತವೆ. 2010ರಲ್ಲಿ ಸಂಶೋಧಕರ ಒಂದು ತಂಡ ಆ ಹಳೆಯ ಕೋಷ್ಟಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ 118 ವರ್ಷಗಳನ್ನು ಒಟ್ಟಿಗಿಟ್ಟು ನೋಡಿತು. ದೋಣಿಗಳ ಮೀನು ಹಿಡಿಯುವ ಶಕ್ತಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಅಷ್ಟೇ ಶಕ್ತಿಗೆ ಸಿಗುವ ಮೀನು 94 ಶೇಕಡಾ ಇಳಿದಿತ್ತು. ಅಂದರೆ ಹಾಯಿದೋಣಿಯವರಿಗೆ ಸಿಕ್ಕಷ್ಟು ಸಿಗಲು ಈಗ ಸುಮಾರು 17 ಪಟ್ಟು ಹೆಚ್ಚು ಬಲ ಹಾಕಬೇಕು. ಹೊಸ ಉಪಕರಣವೂ ಇಲ್ಲ, ಹೊಸ ಸಮೀಕ್ಷೆಯೂ ಇಲ್ಲ. ಯಾರೂ ತೆರೆಯದೆ ಕೂತಿದ್ದ ಕೋಷ್ಟಕಗಳನ್ನು ಯಾರೋ ರದ್ದಿಗೆ ಹಾಕದೆ ಉಳಿಸಿದ್ದರು, ಅಷ್ಟೆ.

ಎರಡನೆಯದು ನನಗೆ ಇನ್ನೂ ಇಷ್ಟ. ಅಮೆರಿಕದ ಫ್ಲಾರಿಡಾದ ಕೀ ವೆಸ್ಟ್‌ನಲ್ಲಿ ಹವ್ಯಾಸಕ್ಕೆ ಗಾಳ ಹಾಕುವವರು ಬಾಡಿಗೆ ದೋಣಿಯಲ್ಲಿ ಹೋಗಿ ಬಂದು, ಹಿಡಿದ ಮೀನುಗಳನ್ನು ಕಟ್ಟೆಯ ಮೇಲಿನ ಹಲಗೆಗೆ ತೂಗುಹಾಕಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಆ ಫೋಟೊಗಳು ಅಲ್ಲಿನ ಸಾರ್ವಜನಿಕ ಗ್ರಂಥಾಲಯದ ಸಂಗ್ರಹಕ್ಕೆ ಸೇರಿದ್ದವು. ಯಾರಿಗೂ ಅವು 'ದತ್ತಾಂಶ' ಎನಿಸಿರಲಿಲ್ಲ. ಲಾರೆನ್ ಮೆಕ್‌ಕ್ಲೆನಾಹನ್ ಎಂಬ ಸಂಶೋಧಕಿ ಅವನ್ನೇ ಕೂತು ಅಳೆದರು. ಹಲಗೆಯ ಮೇಲಿನ ದೊಡ್ಡ ಮೀನಿನ ಸರಾಸರಿ ತೂಕ 1956ರಲ್ಲಿ 19.9 ಕಿಲೊ ಇದ್ದದ್ದು 2007ರ ಹೊತ್ತಿಗೆ 2.3 ಕಿಲೊಗೆ ಇಳಿದಿತ್ತು. ಹಳೆಯ ಚಿತ್ರಗಳಲ್ಲಿ ಮನುಷ್ಯನಷ್ಟೆತ್ತರದ ಗ್ರೂಪರ್‌ಗಳು, ಹೊಸವುಗಳಲ್ಲಿ ಮೊಳದುದ್ದವೂ ಇಲ್ಲದ ಸ್ನ್ಯಾಪರ್‌ಗಳು. ಮುಖದ ಮೇಲಿನ ನಗು ಮಾತ್ರ ಎರಡರಲ್ಲೂ ಅಷ್ಟೇ ಅಗಲ! ಪೌಲಿ ಹೇಳಿದ್ದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಚಿತ್ರ ನಾನು ಕಂಡಿಲ್ಲ.

ಆದ್ದರಿಂದ ಅಂಥ ಗ್ರಂಥಾಲಯಕ್ಕೆ ಹೋದಾಗ ಕಪಾಟಿನ ಪುಸ್ತಕಗಳನ್ನಷ್ಟೇ ನೋಡಿ ಹಿಂದಿರುಗಬೇಡಿ. ಫೋಟೊ ಇದೆಯೇ, ನಕ್ಷೆ ಇದೆಯೇ, ಹಡಗಿನ ದಿನಚರಿ ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಕ್ಯಾಟಲಾಗಿಗೆ ಇನ್ನೂ ಸೇರದ ಪೆಟ್ಟಿಗೆಗಳು ಎಲ್ಲ ಗ್ರಂಥಾಲಯಗಳಲ್ಲೂ ಇರುತ್ತವೆ. ಹಾಗೆಂದು ಗ್ರಂಥಪಾಲಕರು ತಾವಾಗಿ ಹೇಳಿಕೊಳ್ಳುವುದಿಲ್ಲ, ಅದೊಂದು ಸಣ್ಣ ನಾಚಿಕೆಯ ವಿಷಯ.

ಇನ್ನು ಹೆಸರುಗಳ ಗೋಜಲು. ಸರ್ಚ್ ಎಂಜಿನ್ ಕೈಕೊಡುವುದು ಇಲ್ಲಿ, ವಿಶೇಷ ಗ್ರಂಥಾಲಯ ತನ್ನ ಅನ್ನ ದುಡಿಯುವುದೂ ಇಲ್ಲೇ. ಕನ್ನಡದಲ್ಲಿ ಬೈಗೆ ಎನ್ನುವ ಮೀನು ತುಳುವಿನಲ್ಲಿ ಭೂತಾಯಿ, ಕೊಂಕಣಿಯಲ್ಲಿ ತಾರ್ಲಿ, ಮಲಯಾಳದಲ್ಲಿ ಮತ್ತಿ. ವಿಜ್ಞಾನದಲ್ಲಿ ಸಾರ್ಡಿನೆಲ್ಲ ಲಾಂಗಿಸೆಪ್ಸ್. ನೀವು 'ಆಯಿಲ್ ಸಾರ್ಡೀನ್' ಎಂದು ಹುಡುಕಿದರೆ, ಸ್ಥಳೀಯ ಹೆಸರಷ್ಟೇ ಬರೆದಿಟ್ಟ ಹಳೆಯ ವರದಿ ಎಂದೂ ಸಿಗುವುದಿಲ್ಲ. ಜಗತ್ತಿನಾದ್ಯಂತ ಮೀನುಗಳಿಗಿರುವ ಸಾಮಾನ್ಯ ಹೆಸರುಗಳಲ್ಲಿ 3 ಲಕ್ಷಕ್ಕೂ ಹೆಚ್ಚನ್ನು ಫಿಶ್‌ಬೇಸ್ ಎಂಬ ಮುಕ್ತ ಕೋಶ ಕಲೆಹಾಕಿದೆ. ಮೀನುಗಳ ಜಾತಿಗಳು 35 ಸಾವಿರದ ಆಸುಪಾಸು ಎಂಬುದನ್ನು ನೆನೆದರೆ ಈ ಗೋಜಲಿನ ಗಾತ್ರ ತಿಳಿದೀತು.

ವೈಜ್ಞಾನಿಕ ಹೆಸರಾದರೂ ಸ್ಥಿರವೇ ಎಂದರೆ ಅದೂ ಅಲ್ಲ. ರೈನ್‌ಬೋ ಟ್ರೌಟ್ ಮೀನನ್ನು 1989ರವರೆಗೆ ಎಲ್ಲರೂ ಸಾಲ್ಮೋ ಗೈರ್ಡ್ನೆರಿ ಎಂದೇ ಬರೆಯುತ್ತಿದ್ದರು. ಅನಂತರ ಅದು ಓಂಕೊರಿಂಕಸ್ ಮೈಕಿಸ್ ಆಯಿತು. ಹೊಸ ಹೆಸರಿನಿಂದಷ್ಟೇ ಹುಡುಕುವವನಿಗೆ ಅದಕ್ಕೂ ಹಿಂದಿನ ನೂರೈವತ್ತು ವರ್ಷದ ಸಾಹಿತ್ಯದ ಬಹುಪಾಲು ಕಾಣುವುದೇ ಇಲ್ಲ. ಮೊಸಾಂಬಿಕ್ ಟಿಲಾಪಿಯಾದ ಕಥೆ ಇನ್ನೂ ಸ್ವಾರಸ್ಯ. ಬಹುಕಾಲ ಟಿಲಾಪಿಯ ಮೊಸಾಂಬಿಕ, ಆಮೇಲೆ ಸಾರೋಥೆರೋಡಾನ್, ಈಗ ಓರಿಯೊಕ್ರೋಮಿಸ್. ಒಂದೇ ಮೀನು, ಮೂರು ಕಪಾಟು. ಪೆಸಿಫಿಕ್ ಬಿಳಿ ಸಿಗಡಿಯದ್ದು ಹೋಗಿ ಬಂದ ದಾರಿ: ಪೀನಿಯಸ್ ಕುಲದಿಂದ 1997ರಲ್ಲಿ ಲಿಟೋಪೀನಿಯಸ್‌ಗೆ ಹೋಯಿತು, ಈಗ ಹಲವರು ಮತ್ತೆ ಪೀನಿಯಸ್ ಎಂದೇ ಬರೆಯುತ್ತಿದ್ದಾರೆ. ಕೃಷಿಕರು ಮಾತ್ರ ಅಂದಿನಿಂದ ಇಂದಿನವರೆಗೂ ವನಾಮಿ ಎಂದು ಕರೆದು ನೆಮ್ಮದಿಯಾಗಿದ್ದಾರೆ.

ಒಳ್ಳೆಯ ಮೀನುಗಾರಿಕಾ ಗ್ರಂಥಾಲಯದ ಕ್ಯಾಟಲಾಗ್ ಈ ಎಲ್ಲ ಹೆಸರುಗಳನ್ನೂ ಒಂದಕ್ಕೊಂದು ಗಂಟು ಹಾಕಿಟ್ಟಿರುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ಮೀನುಗಾರಿಕೆಗೆ ಬೇಕಾದ ಸಾವಿರಾರು ಜಾತಿಗಳಿಗೆ ಒಂದೊಂದು ಮೂರಕ್ಷರದ ಸಂಕೇತ ಕೊಟ್ಟಿದೆ. ಯೆಲ್ಲೋಫಿನ್ ಟ್ಯೂನಾ ಎಂದರೆ ವೈಎಫ್‌ಟಿ. ಅದೇ ಸಂಸ್ಥೆಯ ಅಗ್ರೊವಾಕ್ ಎಂಬ ಪದಕೋಶ ಹತ್ತಾರು ಭಾಷೆಗಳಲ್ಲಿ ಒಂದೇ ಪರಿಕಲ್ಪನೆಯನ್ನು ಜೋಡಿಸುತ್ತದೆ. ಇವನ್ನು ಇಟ್ಟುಕೊಂಡು ಗ್ರಂಥಪಾಲಕರು ಒಂದೊಂದೇ ದಾಖಲೆಗೆ ವಿವರ ಬರೆಯುತ್ತ ಕೂರುವುದು ಹೊರಗಿನವರಿಗೆ ಗುಮಾಸ್ತಗಿರಿಯಂತೆ ಕಾಣುತ್ತದೆ. ಅದು ಹಾಗಲ್ಲ ಎಂಬುದು ನಿಮಗೆ ಎರಡನೇ ವಾರ ಗೊತ್ತಾಗುತ್ತದೆ.

ಸಾಮಾನ್ಯ ಗ್ರಂಥಾಲಯದಲ್ಲಿ ಇದು ಸಾಧ್ಯವಿಲ್ಲವೇ? ಕಷ್ಟ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಮೀನಿನ ಜೀವಶಾಸ್ತ್ರ 597ರಲ್ಲಿ, ಮೀನು ಹಿಡಿಯುವುದು 639.2ರಲ್ಲಿ, ಸಾಕುವುದು 639.3ರಲ್ಲಿ, ಸಂಸ್ಕರಿಸುವುದು 664.94ರಲ್ಲಿ, ಅದರ ಅರ್ಥಶಾಸ್ತ್ರ 338ರಲ್ಲಿ, ಕಾನೂನು 343ರಲ್ಲಿ, ಅದು ಈಜುವ ಸಮುದ್ರ 551.46ರಲ್ಲಿ. ಒಂದೇ ಮೀನನ್ನು ಏಳು ತುಂಡು ಮಾಡಿ ಏಳು ಮೂಲೆಗೆ ಇಟ್ಟ ಹಾಗೆ. ಮೀನುಗಾರಿಕೆಯಲ್ಲಿ ಸಮಸ್ಯೆಗಳು ಹಾಗೆ ಬಿಡಿಬಿಡಿಯಾಗಿ ಬರುವುದಿಲ್ಲ. ಮೀನು ಸಣ್ಣದಾಯಿತು ಎಂದರೆ ಬಲೆಯ ಕಣ್ಣು, ನೀರಿನ ಬಿಸಿ, ಡೀಸೆಲ್ ಬೆಲೆ, ನಿಷೇಧದ ಕಾನೂನು ಎಲ್ಲವೂ ಒಟ್ಟಿಗೆ ಬರುತ್ತವೆ. ಒಂದು ಪ್ರದೇಶದ ಮೀನಿಗೆಂದೇ ಇರುವ ಗ್ರಂಥಾಲಯದಲ್ಲಿ ಈ ತುಂಡುಗಳು ಒಂದೇ ಕೋಣೆಯಲ್ಲಿರುತ್ತವೆ. ಇದಕ್ಕಿಂತಲೂ ಮುಖ್ಯವಾಗಿ, ಅವು ಎಲ್ಲೆಲ್ಲಿವೆ ಎಂದು ತಲೆಯಲ್ಲೇ ಇಟ್ಟುಕೊಂಡ ಒಬ್ಬರು ಅಲ್ಲಿ ಕೂತಿರುತ್ತಾರೆ.

ಬೈಗೆಯ ಮಾತು ಬಂತಲ್ಲ, ನಿಮ್ಮ ವಿಷಯಕ್ಕೆ ಹತ್ತಿರವಾದದ್ದರಿಂದ ಇನ್ನೆರಡು ಮಾತು. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಹತ್ತಿರ ಬಂದಿದ್ದ ಈ ಮೀನು 2021ರಲ್ಲಿ ಮೂರು ಸಾವಿರ ಚಿಲ್ಲರೆ ಟನ್ನಿಗೆ ಇಳಿಯಿತು. ಇದೇ ಹತ್ತು ವರ್ಷವನ್ನಷ್ಟೇ ನೋಡುವವನಿಗೆ ಹಿಂದೆಂದೂ ಇಲ್ಲದ ಪ್ರಳಯದಂತೆ ಕಾಣುತ್ತದೆ. ಆದರೆ ಈ ಮೀನು ಹಿಂದೆಯೂ ಹೀಗೆ ಮುಳುಗಿ ಎದ್ದದ್ದಿದೆ. ಮದರಾಸು ಸರ್ಕಾರದ ಮೀನುಗಾರಿಕಾ ಇಲಾಖೆಯ ಮುಖ್ಯಸ್ಥರಾಗಿದ್ದ ಜೇಮ್ಸ್ ಹಾರ್ನೆಲ್, ಸಹೋದ್ಯೋಗಿ ನಾಯುಡು ಅವರೊಂದಿಗೆ 1920ರ ದಶಕದಲ್ಲೇ ಇದರ ಜೀವನಕ್ರಮವನ್ನೂ ಮಲಬಾರ್ ಕರಾವಳಿಯ ಪ್ಲವಕಗಳನ್ನೂ (ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನೂ) ಜೊತೆಗಿಟ್ಟು ಇಲಾಖೆಯ ಬುಲೆಟಿನ್ನಿನಲ್ಲಿ ಬರೆದಿದ್ದರು. 1940ರ ದಶಕದ ಕುಸಿತ, ಆಗ ಮರಿಮೀನು ಉಳಿಸಲು ಕೆಲವು ಬಲೆಗಳ ಮೇಲೆ ಬಂದ ನಿರ್ಬಂಧ, 1994ರ ಇನ್ನೊಂದು ಕುಸಿತ ಎಲ್ಲವೂ ದಾಖಲೆಯಲ್ಲಿವೆ. 1947ರಲ್ಲಿ ಶುರುವಾದ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ (ಸಿಎಂಎಫ್‌ಆರ್‌ಐ) ದಡಗಳಲ್ಲಿ ನಮೂನೆ ಎಣಿಕೆ ಮಾಡುತ್ತ ಬಂದ ದಶಕಗಳ ಲೆಕ್ಕ ಇದೆ. ಆ ಸಂಸ್ಥೆಯ ಗ್ರಂಥಾಲಯ ತನ್ನ ಪ್ರಕಟಣೆಗಳನ್ನು ಮುಕ್ತ ಡಿಜಿಟಲ್ ಭಂಡಾರಕ್ಕೆ ಹಾಕಿರುವುದರಿಂದ ಇದರಲ್ಲಿ ಬಹಳಷ್ಟನ್ನು ನೀವು ಮನೆಯಲ್ಲೇ ಕೂತು ಓದಬಹುದು. 'ಎಲ್ಲವೂ ಫೋನಿನಲ್ಲಿ ಸಿಗುತ್ತದೆ' ಎಂದಿರಲ್ಲ, ಸಿಗುವಂತೆ ಮಾಡಿದ್ದು ಯಾವುದೋ ಗ್ರಂಥಾಲಯದ ಸ್ಕ್ಯಾನರಿನ ಮುಂದೆ ಪುಟ ತಿರುವುತ್ತ ನಿಂತವರು.

ಒಂದು ಎಚ್ಚರಿಕೆ. ಹಳೆಯ ಅಂಕಿಗಳನ್ನು ಕಣ್ಣುಮುಚ್ಚಿ ಎತ್ತಿಕೊಳ್ಳಬೇಡಿ. ಬ್ರಿಟಿಷ್ ಕೋಷ್ಟಕಗಳಲ್ಲಿ 'ಹಂಡ್ರೆಡ್‌ವೆಯ್ಟ್' ಎಂದರೆ 100 ಪೌಂಡ್ ಅಲ್ಲ, 112 ಪೌಂಡ್. ಅವರ ಟನ್ 1,016 ಕಿಲೊ, ನಮ್ಮದು 1,000. ಮಣ ಎಂಬ ಅಳತೆ ಊರಿಗೊಂದು ತೂಕದ್ದು. ತೂಗಿದ್ದು ಇಡೀ ಮೀನೋ, ಕರುಳು ತೆಗೆದದ್ದೋ, ಉಪ್ಪು ಹಾಕಿ ಒಣಗಿಸಿದ್ದೋ ಎಂಬುದು ಅಡಿಟಿಪ್ಪಣಿಯಲ್ಲಿರುತ್ತದೆ, ಸ್ಕ್ಯಾನ್ ಮಾಡುವಾಗ ಆ ಅಡಿಟಿಪ್ಪಣಿಯೇ ಕತ್ತರಿಸಿಹೋಗಿರುತ್ತದೆ! ನನ್ನಲ್ಲಿಗೆ ಬಂದಿದ್ದ ಒಬ್ಬ ವಿದ್ಯಾರ್ಥಿ ಒಂದು ವರ್ಷದ ಏರಿಕೆಗೆ ಕಾರಣ ಹುಡುಕುತ್ತ ತಿಂಗಳುಗಟ್ಟಲೆ ತಲೆಕೆಡಿಸಿಕೊಂಡಿದ್ದ. ಮೂಲ ಪ್ರತಿ ತೆಗೆದು ನೋಡಿದರೆ ಆ ವರ್ಷದಿಂದ ಇನ್ನೊಂದು ಜಿಲ್ಲೆಯನ್ನೂ ಎಣಿಕೆಗೆ ಸೇರಿಸಿದ್ದರು ಎಂದು ಮುನ್ನುಡಿಯಲ್ಲಿ ಎರಡು ಸಾಲು ಇತ್ತು. ಸಮುದ್ರದಲ್ಲಿ ಏನೂ ಆಗಿರಲಿಲ್ಲ. ಅವನು ಓದಿದ್ದ ಪಿಡಿಎಫ್‌ನಲ್ಲಿ ಮುನ್ನುಡಿಯೇ ಇರಲಿಲ್ಲ.

ಬರೆದಿಟ್ಟ ಲೆಕ್ಕವೇ ಪೂರ್ತಿ ಸತ್ಯವಲ್ಲ ಎಂಬುದೂ ತಿಳಿದಿರಲಿ. ಪೌಲಿ ಮತ್ತು ಡರ್ಕ್ ಝೆಲ್ಲರ್ 2016ರಲ್ಲಿ ಜಗತ್ತಿನ ಸಮುದ್ರಗಳಲ್ಲಿ ಹಿಡಿದ ಒಟ್ಟು ಮೀನನ್ನು ಮರುಲೆಕ್ಕ ಹಾಕಿದರು. ದೇಶಗಳು ವರದಿ ಮಾಡಿದ ಪ್ರಕಾರ 1996ರಲ್ಲಿ ಅದು 8.6 ಕೋಟಿ ಟನ್, ಇವರ ಲೆಕ್ಕದಲ್ಲಿ 13 ಕೋಟಿ ಟನ್. ವ್ಯತ್ಯಾಸ ಎಲ್ಲಿಂದ ಬಂತು? ಸಣ್ಣ ದೋಣಿಯವರು, ಮನೆಗೆಂದು ಹಿಡಿದವರು, ಬಲೆಗೆ ಬಿದ್ದರೂ ಬೇಡವೆಂದು ಸಮುದ್ರಕ್ಕೇ ಎಸೆದದ್ದು, ಕದ್ದು ಹಿಡಿದದ್ದು. ಇವು ಸರ್ಕಾರಿ ಕೋಷ್ಟಕದಲ್ಲಿ ಸೊನ್ನೆ. ಆ ಸೊನ್ನೆಗಳನ್ನು ತುಂಬಲು ದೇಶ ದೇಶಗಳ ಸ್ಥಳೀಯ ವರದಿ, ಆಹಾರ ಸಮೀಕ್ಷೆ, ಹಳೆಯ ಅಧ್ಯಯನಗಳನ್ನು ಹುಡುಕಿ ತೆಗೆದರು. ಅವರ ವಿಧಾನದ ಬಗ್ಗೆ ತಜ್ಞರಲ್ಲಿ ತಕರಾರು ಇದೆ, ಇರಲಿ. ಸಣ್ಣ ಪ್ರಮಾಣದ ಮೀನುಗಾರಿಕೆಯ ಮಾಹಿತಿ ದೊಡ್ಡ ಜರ್ನಲ್ಲುಗಳಲ್ಲಿ ಇಲ್ಲ, ಚಿಕ್ಕ ವರದಿಗಳಲ್ಲಿದೆ ಎಂಬುದರ ಬಗ್ಗೆ ತಕರಾರಿಲ್ಲ. ಜಗತ್ತಿನಲ್ಲಿ ಹಿಡಿಯುವ ಮೀನಿನಲ್ಲಿ ಕನಿಷ್ಠ 40 ಶೇಕಡಾ ಈ ಸಣ್ಣವರದ್ದೇ ಎಂದು ಎಫ್‌ಎಒ ಮತ್ತು ಅದರ ಸಹಭಾಗಿಗಳ 2023ರ ಅಧ್ಯಯನ ಹೇಳುತ್ತದೆ.

ಒಂದೇ ಗ್ರಂಥಾಲಯ ಎಷ್ಟೆಂದು ಕೂಡಿಡಲು ಸಾಧ್ಯ? ಯಾವುದೂ ಸ್ವಂತ ಬಲದಿಂದ ನಿಲ್ಲುವುದಿಲ್ಲ. ಜಲ ಮತ್ತು ಸಮುದ್ರ ವಿಜ್ಞಾನ ಗ್ರಂಥಾಲಯಗಳ ಅಂತರರಾಷ್ಟ್ರೀಯ ಸಂಘ ಐಯಾಮ್‌ಸ್ಲಿಕ್ 1975ರಲ್ಲಿ ಹುಟ್ಟಿತು. ಯೂರೋಪು, ಆಫ್ರಿಕಾ, ಪೆಸಿಫಿಕ್ ದ್ವೀಪಗಳ ಗುಂಪುಗಳು ಅದರ ನೆರಳಿನಲ್ಲಿ ಬೆಳೆದವು. ಒಬ್ಬರ ಬಳಿ ಇಲ್ಲದ್ದನ್ನು ಇನ್ನೊಬ್ಬರು ಸ್ಕ್ಯಾನ್ ಮಾಡಿ ಕಳಿಸುವುದು ಇದರ ಮುಖ್ಯ ವ್ಯವಹಾರ, ಬಹುತೇಕ ದುಡ್ಡಿಲ್ಲದೆ. ಆರು ಜನ ಸಿಬ್ಬಂದಿಯೂ ಇಲ್ಲದ ದ್ವೀಪದ ಗ್ರಂಥಾಲಯ ದೊಡ್ಡ ಸಾಗರ ಸಂಸ್ಥೆಯ ಕಪಾಟಿಗೆ ಕೈ ಹಾಕುವುದು ಈ ದಾರಿಯಲ್ಲೇ. ಎಫ್‌ಎಒ 1971ರಿಂದ ನಡೆಸುತ್ತಿರುವ ಆಸ್ಫಾ ಎಂಬ ಸಾರಸೂಚಿಯೂ ಇಂಥದ್ದೇ ಒಪ್ಪಂದದ ಮೇಲೆ ನಿಂತಿದೆ. ಪ್ರತಿ ಸಹಭಾಗಿ ಸಂಸ್ಥೆ ತನ್ನ ದೇಶದಲ್ಲಿ ಬಂದ ಮೀನು-ನೀರಿನ ಸಾಹಿತ್ಯವನ್ನು, ಬೂದು ಸಾಹಿತ್ಯವನ್ನೂ ಸೇರಿಸಿ, ತಾನೇ ಸೂಚಿಗೆ ಏರಿಸಬೇಕು. ಒಂದು ದೇಶದವರು ಸುಮ್ಮನೆ ಕೂತರೆ ಆ ದೇಶದ ನೀರು ಜಗತ್ತಿನ ಕಣ್ಣಿಗೆ ಬೀಳುವುದಿಲ್ಲ.

ಡಿಜಿಟಲ್ ಪ್ರತಿಗಳನ್ನು ಒಟ್ಟಿಗಿಡಲು ಅಕ್ವಾಟಿಕ್ ಕಾಮನ್ಸ್, ಓಷನ್‌ಡಾಕ್ಸ್ ಎಂದು ಎರಡು ಭಂಡಾರಗಳಿದ್ದವು. 2021ರಲ್ಲಿ ಎರಡೂ ಸೇರಿ ಅಕ್ವಾಡಾಕ್ಸ್ ಆಯಿತು. ಸ್ವಂತ ಸರ್ವರ್ ಇಟ್ಟುಕೊಳ್ಳಲಾಗದ ಸಣ್ಣ ಸಂಸ್ಥೆಯೂ ತನ್ನ ವರದಿಗಳನ್ನು ಅಲ್ಲಿ ಇಡಬಹುದು, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಫಿಲಿಪ್ಪೀನ್ಸಿನ ಇಲೊಯಿಲೊ ಪ್ರಾಂತ್ಯದ ತಿಗ್‌ಬವಾನ್‌ನಲ್ಲಿ 1973ರಿಂದ ಇರುವ, ಆಗ್ನೇಯ ಏಷ್ಯಾದ ಮೀನುಗಾರಿಕಾ ಅಭಿವೃದ್ಧಿ ಕೇಂದ್ರ ಸೀಫ್‌ಡೆಕ್‌ನ ಜಲಕೃಷಿ ವಿಭಾಗದ ಗ್ರಂಥಾಲಯವನ್ನು ಒಮ್ಮೆ ಇಣುಕಿ ನೋಡಿ. ಆಗ್ನೇಯ ಏಷ್ಯಾಕ್ಕೆಲ್ಲ ಸೇರಿದ್ದು ಅದು. ಅಲ್ಲಿನ ಸಂಶೋಧಕರು ಜರ್ನಲ್ಲಿಗೆ ಬರೆದ ಪ್ರಬಂಧದ ಪಕ್ಕದಲ್ಲೇ ಕೊಳದ ಅಂಚಿನಲ್ಲಿ ನಿಂತು ಓದಬೇಕಾದ ಕೈಪಿಡಿಗಳೂ ಅದೇ ಭಂಡಾರದಲ್ಲಿವೆ. ನನ್ನ ಮಟ್ಟಿಗೆ ಪ್ರಾದೇಶಿಕ ಗ್ರಂಥಾಲಯದ ಗುಣ ಅಳೆಯುವ ಸರಳ ಪರೀಕ್ಷೆ ಇದೇ: ವಿಜ್ಞಾನಿ ಬರೆದದ್ದೂ ಮೀನು ಸಾಕುವವನಿಗೆಂದು ಬರೆದದ್ದೂ ಒಂದೇ ಹುಡುಕಾಟದಲ್ಲಿ ಸಿಗುತ್ತವೆಯೇ?

ದುಬಾರಿ ಜರ್ನಲ್‌ಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಆದಾಯ ಕಡಿಮೆ ಇರುವ ದೇಶಗಳ ಸಂಸ್ಥೆಗಳಿಗೆ ಎಫ್‌ಎಒ 2003ರಲ್ಲಿ ಅಗೋರ ಎಂಬ ಯೋಜನೆ ತಂದಿತು. ಅರ್ಹ ಸಂಸ್ಥೆಗಳಿಗೆ ಉಚಿತ ಅಥವಾ ಅಲ್ಪ ಶುಲ್ಕ. ನಿಮ್ಮ ಸಂಸ್ಥೆಗೆ ಅನ್ವಯಿಸುತ್ತದೆಯೇ ಎಂದು ಗ್ರಂಥಪಾಲಕರನ್ನೇ ಕೇಳಿ. ಇಲ್ಲದಿದ್ದರೆ ಲೇಖಕರಿಗೇ ಒಂದು ಸಾಲು ಬರೆಯಿರಿ, ತೊಂಬತ್ತು ಪಾಲು ಜನ ಸಂತೋಷದಿಂದ ಕಳಿಸುತ್ತಾರೆ ಎಂಬುದು ನನ್ನ ಅನುಭವ.

ಡಿಜಿಟಲ್ ಆದ ಮೇಲೆ ಕಾಗದ ಬೇಡ ಎನ್ನುವವರಿಗೆ ಕೆನಡಾದ ಕಥೆ ಹೇಳಬೇಕು. 2013ರ ಸುಮಾರಿಗೆ ಅಲ್ಲಿನ ಮೀನುಗಾರಿಕೆ ಮತ್ತು ಸಾಗರ ಇಲಾಖೆ ತನ್ನ 11 ಗ್ರಂಥಾಲಯಗಳಲ್ಲಿ 7ನ್ನು ಮುಚ್ಚಿ ಸಂಗ್ರಹವನ್ನು ಒಂದೆರಡು ಕಡೆಗೆ ಸೇರಿಸಿತು. ಓದಲು ಬರುವವರು ತೀರ ಕಡಿಮೆ, ಬಹುಪಾಲು ಕೋರಿಕೆಗಳು ಡಿಜಿಟಲ್ಲಿಗೇ, ಎಸೆದದ್ದು ಹೆಚ್ಚುವರಿ ಪ್ರತಿಗಳನ್ನಷ್ಟೇ ಎಂದು ಸರ್ಕಾರ ಹೇಳಿತು. ಆ ಪ್ರದೇಶಗಳ ಬಗೆಗಿನ ಹಳೆಯ ವರದಿಗಳು ತಿಪ್ಪೆಗೆ ಹೋದವು ಎಂದು ಹಲವು ವಿಜ್ಞಾನಿಗಳು ಸಿಟ್ಟಾದರು. ಇಬ್ಬರ ಮಾತಿನಲ್ಲೂ ಹುರುಳಿರಬಹುದು. ನನಗೆ ಚುಚ್ಚಿದ್ದು ಬೇರೆ. ಆ ಸಣ್ಣ ಗ್ರಂಥಾಲಯಗಳು ಅವು ಅಧ್ಯಯನ ಮಾಡುತ್ತಿದ್ದ ನೀರಿನ ಪಕ್ಕದಲ್ಲೇ ಇದ್ದವು. ಪುಸ್ತಕವನ್ನು ಸಾವಿರ ಕಿಲೋಮೀಟರ್ ಸಾಗಿಸಬಹುದು. ಆದರೆ 'ಈ ಕೊಲ್ಲಿಯ ಬಗ್ಗೆ ಒಂದು ವರದಿ ಇತ್ತಲ್ಲ, ನೀಲಿ ರಟ್ಟಿನದು' ಎಂದರೆ ಎದ್ದು ಹೋಗಿ ತೆಗೆದುಕೊಡುವ ಮನುಷ್ಯರನ್ನು ಸಾಗಿಸಲು ಬರುವುದಿಲ್ಲ.

ಇನ್ನು ನಿಮ್ಮ ಎರಡನೇ ಪ್ರಶ್ನೆ, ಹೊರಗಿನವರದ್ದು. ಸರ್ಕಾರದ ದುಡ್ಡಿನಲ್ಲಿ ನಡೆಯುವ ಬಹಳಷ್ಟು ಸಂಶೋಧನಾ ಗ್ರಂಥಾಲಯಗಳಲ್ಲಿ ಅನುಮತಿ ಪಡೆದು ಅಲ್ಲೇ ಕೂತು ಓದಲು ಹೊರಗಿನವರಿಗೂ ಅವಕಾಶ ಇರುತ್ತದೆ, ಎರವಲು ಮಾತ್ರ ಸಿಗುವುದಿಲ್ಲ. ಮುಕ್ತ ಭಂಡಾರಕ್ಕಂತೂ ಗುರುತಿನ ಚೀಟಿ ಬೇಕಿಲ್ಲ. ನಿಜವಾದ ಅಡ್ಡಿ ಬಾಗಿಲಲ್ಲಿಲ್ಲ, ಭಾಷೆಯಲ್ಲಿದೆ. ಮೀನುಗಾರರ ಸಂಘದವರು ಕೇಳುವುದು 'ಈ ಕಣ್ಣಿನ ಬಲೆ ನಿಷೇಧಿಸಿದ್ದಾರಲ್ಲ, ಯಾವ ಲೆಕ್ಕದ ಮೇಲೆ?' ಎಂದು. ಉತ್ತರ ಇಂಗ್ಲಿಷ್ ವರದಿಯ 83ನೇ ಪುಟದ ಸಮೀಕರಣದಲ್ಲಿರುತ್ತದೆ. ಅದನ್ನು ತೆಗೆದು, ಆಡುವ ಮಾತಿನಲ್ಲಿ ಎರಡು ಪುಟ ಮಾಡಿ, ಮೂಲ ಇಲ್ಲಿದೆ ಎಂದು ತೋರಿಸಿ ಕೊಡುವುದು ಗ್ರಂಥಾಲಯದ ಕೆಲಸವೇ ಎಂದು ನಾನು ವಾದಿಸುತ್ತ ಬಂದಿದ್ದೇನೆ. ಒಪ್ಪದ ಸಹೋದ್ಯೋಗಿಗಳೂ ಇದ್ದಾರೆ; ಅದು ವಿಸ್ತರಣಾ ಅಧಿಕಾರಿಗಳ ಕೆಲಸ ಎನ್ನುತ್ತಾರೆ. ಕೇಳಿದವನು ಬರಿಗೈಯಲ್ಲಿ ಹೋದ ಮೇಲೆ ಅದು ಯಾರ ಕೆಲಸವಾಗಿದ್ದರೆ ಏನು?

ಮಾಹಿತಿ ಒಂದೇ ದಿಕ್ಕಿಗೆ ಹರಿಯುತ್ತದೆ ಎಂದೂ ತಿಳಿಯಬೇಡಿ. ರಾಬರ್ಟ್ ಜೊಹಾನೆಸ್ ಎಂಬ ಜೀವವಿಜ್ಞಾನಿ 1970ರ ದಶಕದಲ್ಲಿ ಪೆಸಿಫಿಕ್ಕಿನ ಪಲಾವ್ ದ್ವೀಪಗಳ ಮೀನುಗಾರರ ಜೊತೆ ಕೂತು, ಯಾವ ಮೀನು ಯಾವ ತಿಥಿಯಲ್ಲಿ ಎಲ್ಲಿ ಮೊಟ್ಟೆ ಇಡಲು ಸೇರುತ್ತದೆ ಎಂದು ಬರೆದುಕೊಂಡರು. ಚಂದ್ರನ ಲೆಕ್ಕ ಹಿಡಿದು ಮೊಟ್ಟೆ ಇಡುವ ಮೀನುಗಳು ಎಂದು ಇಡೀ ಜಗತ್ತಿನ ವಿಜ್ಞಾನ ಸಾಹಿತ್ಯದಲ್ಲಿ ಅದುವರೆಗೆ ದಾಖಲಾಗಿದ್ದವುಗಳ ಎರಡರಷ್ಟಕ್ಕಿಂತ ಹೆಚ್ಚು ಜಾತಿಗಳು ಆ ಮೀನುಗಾರರಿಗೆ ಗೊತ್ತಿದ್ದವು. ನ್ಯೂ ಕ್ಯಾಲೆಡೋನಿಯಾದ ನೂಮಿಯಾದಲ್ಲಿ ಕೇಂದ್ರವಿರುವ ಪೆಸಿಫಿಕ್ ಸಮುದಾಯ ಸಂಸ್ಥೆ ಇಂಥ ಸಾಂಪ್ರದಾಯಿಕ ಜ್ಞಾನಕ್ಕೆಂದೇ ಒಂದು ಮಾಹಿತಿ ಪತ್ರಿಕೆ ನಡೆಸಿ, ಅದನ್ನು ತನ್ನ ಡಿಜಿಟಲ್ ಗ್ರಂಥಾಲಯದಲ್ಲಿ ಮುಕ್ತವಾಗಿಟ್ಟಿದೆ. ಆದರೆ ಇಲ್ಲಿ ಒಂದು ಸೂಕ್ಷ್ಮವೂ ಇದೆ. ಮೊಟ್ಟೆ ಇಡುವ ಜಾಗದ ನಕ್ಷೆಯನ್ನು ಎಲ್ಲರಿಗೂ ತೆರೆದಿಟ್ಟರೆ ಮೊದಲು ಅಲ್ಲಿಗೆ ಹೋಗುವುದು ಸಂಶೋಧಕನಲ್ಲ, ದೊಡ್ಡ ಬಲೆಯವನು. ಎಲ್ಲವನ್ನೂ ತೆರೆದಿಡಿ ಎಂಬ ಘೋಷಣೆಗೆ ನಾನು ಇಲ್ಲಿ ತಲೆದೂಗುವುದಿಲ್ಲ. ಹೇಳಿದವರ ಒಪ್ಪಿಗೆ ಎಷ್ಟರ ಮಟ್ಟಿಗೆ ಇದೆಯೋ ಅಷ್ಟನ್ನೇ ತೆರೆಯಬೇಕು.

ಹೋಗುವ ಮುನ್ನ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ: ನಿಮ್ಮ ಮೀನಿನ ಈಗಿನ ವೈಜ್ಞಾನಿಕ ಹೆಸರು, ಹಿಂದಿನ ಎಲ್ಲ ಹೆಸರುಗಳು, ಆ ಕರಾವಳಿಯ ಆಡುಮಾತಿನ ಹೆಸರುಗಳು, ಬಂದರುಗಳ ಹಳೆಯ ಕಾಗುಣಿತ, ಆ ಪ್ರದೇಶ ಯಾವ ಯಾವ ಕಾಲದಲ್ಲಿ ಯಾವ ಆಡಳಿತದಲ್ಲಿತ್ತು ಎಂಬುದು. ಕೊನೆಯದನ್ನು ಮರೆಯಬೇಡಿ, ಹಳೆಯ ವರದಿಗಳು ಆಡಳಿತದ ಹೆಸರಿನಲ್ಲೇ ಜೋಡಿಸಿರುತ್ತವೆ. ಮೊದಲ ಎರಡು ದಿನ ಏನೂ ಸಿಗದು, ಗಾಬರಿಯಾಗಬೇಡಿ. ಸಿಕ್ಕ ಪ್ರತಿ ವರದಿಯ ಮುನ್ನುಡಿಯನ್ನೂ ಅಡಿಟಿಪ್ಪಣಿಯನ್ನೂ ಫೋಟೊ ತೆಗೆದುಕೊಳ್ಳಿ, ಬರೀ ಕೋಷ್ಟಕವನ್ನಲ್ಲ.

ಮತ್ತೆ, ಕೆಲಸ ಮುಗಿದಾಗ ನಿಮ್ಮ ಪ್ರಬಂಧದ ಜೊತೆಗೆ ಕಚ್ಚಾ ಲೆಕ್ಕದ ಹಾಳೆಗಳನ್ನೂ ಅದೇ ಗ್ರಂಥಾಲಯಕ್ಕೆ ಕೊಟ್ಟುಬಿಡಿ. ಬಲೆಯ ಕಣ್ಣು ಎಷ್ಟು, ತೂಗಿದ್ದು ಇಡೀ ಮೀನೋ ಅಲ್ಲವೋ, ಎಣಿಸದ ದಿನಗಳು ಯಾವುವು ಎಂದು ಮೊದಲ ಪುಟದಲ್ಲೇ ಬರೆದಿಡಿ. ಸ್ಕ್ಯಾನ್ ಮಾಡುವಾಗ ಕತ್ತರಿಸಿಹೋಗದಷ್ಟು ಮೇಲೆ.